ಸುಂಕದವರ ಮುಂದೆ ನಾಲ್ಕು ಮಾತು

ಮಾನ್ಯ ಕೇಂದ್ರ ಹಣಕಾಸು ಸಚಿವರಿಗೆ,

ನಾನು ದಾವಣಗೆರೆಯ ಒಬ್ಬ ತೆರಿಗೆ ಸಲಹೆಗಾರ.

ಸುಂಕದವರ ಮುಂದೆ ಸುಖದುಃಖ ಹೇಳಿಕೊಂಡು ಪ್ರಯೋಜನವಿಲ್ಲ ಎನ್ನುತ್ತಿದ್ದರು ನಮ್ಮ ಹಿರಿಯರು. ಆ ಮಾತನ್ನು ಮೀರಿ ಈ ಪತ್ರ ಬರೆಯುತ್ತಿದ್ದೇನೆ. ಜುಲೈ ಬಂತೆಂದರೆ ನನ್ನ ಆಫೀಸಿನ ಬೆಂಚಿನ ಮೇಲೆ ಮೇಷ್ಟ್ರುಗಳು, ಬಟ್ಟೆ ಅಂಗಡಿಯವರು, ಅಡಿಕೆ ವ್ಯಾಪಾರಿಗಳು ಫಾರಂ 16, ಪಾಸ್‌ಬುಕ್ ಹಿಡಿದು ಕೂತಿರುತ್ತಾರೆ. ಕೆಲವು ವರ್ಷಗಳಿಂದ ಅವರ ನಡುವೆ ಇಪ್ಪತ್ತೈದು ದಾಟದ ಹುಡುಗರೂ ಬಂದು ಕೂರುತ್ತಿದ್ದಾರೆ. ಫೋನ್ ತೆಗೆದು ಕ್ರಿಪ್ಟೊ ಆ್ಯಪ್ ತೋರಿಸುತ್ತಾರೆ. ಅವರ ಪ್ರಶ್ನೆಗಳಲ್ಲಿ ಕೆಲವಕ್ಕೆ ನಾನು ಉತ್ತರ ಹೇಳಬಲ್ಲೆ. ಉಳಿದವಕ್ಕೆ ತಾವೇ ಹೇಳಬೇಕು.

‘ಇದನ್ನು ಯಾರು ಛಾಪಿಸುತ್ತಾರೆ ಸಾರ್?’ ಯಾರೂ ಛಾಪಿಸುವುದಿಲ್ಲಪ್ಪ, ಈ ಕ್ರಿಪ್ಟೊಗಳಲ್ಲಿ ಒಂದಾದ ಬಿಟ್‌ಕಾಯಿನ್ ಎಂದರೆ ಒಂದು ಖಾತೆ ಪುಸ್ತಕ ಎನ್ನುತ್ತೇನೆ. ಬ್ಯಾಂಕಿನ ಲೆಡ್ಜರನ್ನು ಬ್ಯಾಂಕೇ ಇಟ್ಟುಕೊಂಡಿರುತ್ತದೆ. ಈ ಪುಸ್ತಕದ ಪ್ರತಿ ಮಾತ್ರ ಜಗತ್ತಿನ ಸಾವಿರಾರು ಕಂಪ್ಯೂಟರುಗಳಲ್ಲಿದೆ. ಸುಮಾರು ಹತ್ತು ನಿಮಿಷಕ್ಕೊಂದು ಹೊಸ ಪುಟ ಸೇರುತ್ತದೆ. ಆ ಪುಟವೇ ಬ್ಲಾಕ್. ಪ್ರತಿ ಪುಟದಲ್ಲೂ ಹಿಂದಿನ ಪುಟದ ಗುರುತು ಇರುವುದರಿಂದ, ಹಳೆಯ ಲೆಕ್ಕ ತಿದ್ದಹೊರಟವನು ಅಲ್ಲಿಂದೀಚಿನ ಎಲ್ಲ ಪುಟಗಳನ್ನೂ ತಿದ್ದಬೇಕಾಗುತ್ತದೆ. ಪುಟ ಸೇರಿಸುವ ಅವಕಾಶಕ್ಕಾಗಿ ಕಂಪ್ಯೂಟರುಗಳು ರಾಶಿ ರಾಶಿ ಕರೆಂಟು ಸುಟ್ಟು ಪೈಪೋಟಿ ನಡೆಸುತ್ತವೆ. ಮೈನಿಂಗ್ ಎನ್ನುವುದು ಇದಕ್ಕೇ. ಗೆದ್ದವರಿಗೆ ಹೊಸ ಕಾಯಿನ್ ಸಿಗುತ್ತದೆ. ಆ ಬಹುಮಾನ ಸುಮಾರು ನಾಲ್ಕು ವರ್ಷಕ್ಕೊಮ್ಮೆ ಅರ್ಧಕ್ಕಿಳಿಯುತ್ತದೆ. 2024ರ ಏಪ್ರಿಲ್‌ನಲ್ಲಿ ಅದು 3.125 ಬಿಟ್‌ಕಾಯಿನ್‌ಗೆ ಇಳಿಯಿತು. ಒಟ್ಟು ಸಂಖ್ಯೆ 2.1 ಕೋಟಿ ಮೀರುವಂತಿಲ್ಲ. 2008ರಲ್ಲಿ ಇದರ ನಕ್ಷೆ ಪ್ರಕಟಿಸಿದವರ ಹೆಸರು ಸತೋಶಿ ನಕಮೊಟೊ. ಆ ಹೆಸರಿನ ಹಿಂದೆ ಯಾರಿದ್ದಾರೆಂದು ಇವತ್ತಿಗೂ ಖಚಿತವಾಗಿಲ್ಲ.

‘ನನ್ನ ಕಾಯಿನ್ ಎಲ್ಲಿರುತ್ತದೆ?’ ಇದನ್ನು ಕೇಳುವವರು ಕಡಿಮೆ. ಎಲ್ಲರೂ ಕೇಳಬೇಕಾದದ್ದು ಇದನ್ನೇ. ಕಾಯಿನ್ ಆ ಪುಸ್ತಕದಲ್ಲಿರುತ್ತದೆ, ಅದನ್ನು ಖರ್ಚು ಮಾಡುವ ಕೀಲಿಕೈ ಮಾತ್ರ ನಮ್ಮ ಬಳಿ ಇರಬಹುದು. ಅದನ್ನು ಸಾಮಾನ್ಯವಾಗಿ 12 ಅಥವಾ 24 ಪದಗಳ ರೂಪದಲ್ಲಿ ಬರೆದಿಟ್ಟುಕೊಳ್ಳುತ್ತಾರೆ. ಕಳೆದುಕೊಂಡರೆ ಯಾವ ಮ್ಯಾನೇಜರಿಗೆ ಅರ್ಜಿ ಕೊಟ್ಟರೂ ಸಿಗದು. ಕೊಳ್ಳಲು, ಮಾರಲು ಬಳಸುವ ಎಕ್ಸ್‌ಚೇಂಜಿನ ಆ್ಯಪ್‌ನಲ್ಲೇ ಕಾಯಿನ್ ಬಿಟ್ಟರೆ ಕೀಲಿಕೈ ಎಕ್ಸ್‌ಚೇಂಜಿನ ಕೈಯಲ್ಲಿರುತ್ತದೆ. ನಮ್ಮ ಹುಡುಗರಿಗೆ ಆ್ಯಪ್ ತೋರಿಸುವುದು ಬಾಕಿಯ ಅಂಕಿಯನ್ನು ಮಾತ್ರ.

ಇನ್ನು ಎಲ್ಲರೂ ಕೇಳುವ ಪ್ರಶ್ನೆ: ‘ಇದು ಲೀಗಲ್ಲಾ ಸಾರ್?’ ಇಲ್ಲಿಗೆ ಬಂದಾಗ ನನ್ನ ಮಾತು ತಡವರಿಸುತ್ತದೆ. 2018ರ ಏಪ್ರಿಲ್‌ನಲ್ಲಿ ರಿಸರ್ವ್ ಬ್ಯಾಂಕ್, ಈ ವಹಿವಾಟಿಗೆ ಸೇವೆ ಕೊಡಬೇಡಿ ಎಂದು ಬ್ಯಾಂಕುಗಳಿಗೆ ಸುತ್ತೋಲೆ ಕಳಿಸಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಬೆಂಗಳೂರಿನ ಮಾಲ್ ಒಂದರಲ್ಲಿ ಇಟ್ಟಿದ್ದ ಬಿಟ್‌ಕಾಯಿನ್ ಯಂತ್ರವನ್ನು ಪೊಲೀಸರು ಜಪ್ತಿ ಮಾಡಿದರು, ಇಟ್ಟವರನ್ನು ಬಂಧಿಸಿದರು. 2020ರ ಮಾರ್ಚ್ 4ರಂದು ಸುಪ್ರೀಂ ಕೋರ್ಟ್ ಆ ಸುತ್ತೋಲೆಯನ್ನೇ ರದ್ದು ಮಾಡಿತು. 2021ರ ಚಳಿಗಾಲದ ಅಧಿವೇಶನದ ಪಟ್ಟಿಯಲ್ಲಿ ಕ್ರಿಪ್ಟೊ ಮಸೂದೆಯ ಹೆಸರಿತ್ತು, ಮಂಡನೆಯಾಗಲಿಲ್ಲ. 2022ರಲ್ಲಿ ತೆರಿಗೆ ಬಂತು. 2023ರ ಮಾರ್ಚ್‌ನಲ್ಲಿ ಎಕ್ಸ್‌ಚೇಂಜುಗಳನ್ನು ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆಯ ವ್ಯಾಪ್ತಿಗೆ ತಂದಿರಿ. 2025ರ ಅಕ್ಟೋಬರ್‌ನಲ್ಲಿ ಮದ್ರಾಸ್ ಹೈಕೋರ್ಟ್ ಕ್ರಿಪ್ಟೊವನ್ನು ಆಸ್ತಿ ಎಂದು ಪರಿಗಣಿಸಿತು. ಇಷ್ಟನ್ನೂ ಜೋಡಿಸಿ ನಾನು ಹೇಳಬಲ್ಲದ್ದು ಇಷ್ಟೆ: ಕೊಳ್ಳುವುದು, ಮಾರುವುದು ಅಪರಾಧವಲ್ಲ. ಆದರೆ ಇದು ರೂಪಾಯಿಯಂಥ ಚಲಾವಣೆಯ ಹಣವೂ ಅಲ್ಲ. ಕಿರಾಣಿ ಅಂಗಡಿಯವರು ಬೇಡವೆಂದರೆ ಕೇಳುವಂತಿಲ್ಲ. ರಿಸರ್ವ್ ಬ್ಯಾಂಕ್ ತಾನೇ ಹೊರಡಿಸಿರುವ ಡಿಜಿಟಲ್ ರೂಪಾಯಿ ಇದಲ್ಲ, ಅದು ಬೇರೆ.

2022ರ ಫೆಬ್ರುವರಿಯಲ್ಲಿ ರಾಜ್ಯಸಭೆಯಲ್ಲಿ ಸರ್ಕಾರದ ಪರವಾಗಿ ಬಂದ ಉತ್ತರ ನನಗೆ ನೆನಪಿದೆ. ಇದು ನ್ಯಾಯಸಮ್ಮತವೋ ಅಲ್ಲವೋ ಎಂಬುದು ಬೇರೆ ಪ್ರಶ್ನೆ, ಲಾಭದ ಮೇಲೆ ತೆರಿಗೆ ಹಾಕುವುದು ಸರ್ಕಾರದ ಸಾರ್ವಭೌಮ ಹಕ್ಕು ಎಂಬುದು ಅದರ ಸಾರ. ಆ ಹಕ್ಕನ್ನು ನಾನು ಪ್ರಶ್ನಿಸುವುದಿಲ್ಲ. ತೆರಿಗೆ ಕಟ್ಟಿಸುವುದೇ ನನ್ನ ವೃತ್ತಿ. ಆದರೆ ಅದರ ಲೆಕ್ಕವನ್ನು ತಾವೊಮ್ಮೆ ನೋಡಬೇಕು.

ಒಬ್ಬ ಹುಡುಗ ಒಂದು ಕಾಯಿನ್‌ನಲ್ಲಿ 40,000 ರೂಪಾಯಿ ಗಳಿಸಿ, ಇನ್ನೊಂದರಲ್ಲಿ ಅದೇ ವರ್ಷ 40,000 ಕಳೆದುಕೊಂಡ ಎನ್ನಿ. ಅವನ ಕೈಯಲ್ಲಿ ಉಳಿದದ್ದು ಸೊನ್ನೆ. ನಷ್ಟವನ್ನು ಲಾಭದಲ್ಲಿ ಕಳೆಯಲು ಕಾನೂನು ಬಿಡುವುದಿಲ್ಲ, ಮುಂದಿನ ವರ್ಷಕ್ಕೆ ಒಯ್ಯಲೂ ಬಿಡುವುದಿಲ್ಲ. 40,000ಕ್ಕೆ ಶೇ 30ರಂತೆ 12,000, ಅದರ ಮೇಲೆ ಶೇ 4ರ ಸೆಸ್ 480. ಗಳಿಕೆಯೇ ಇಲ್ಲದವನು 12,480 ರೂಪಾಯಿ ಕಟ್ಟಬೇಕು. ಷೇರಿನಲ್ಲಿ ಕಳೆದುಕೊಂಡವರ ನಷ್ಟವನ್ನು ನಾನು ಎಂಟು ವರ್ಷ ಮುಂದಕ್ಕೆ ಒಯ್ದು ಬರೆಯುತ್ತೇನೆ. ಈ ಹುಡುಗನಿಗೆ ಏಕೆ ಬರೆಯಬಾರದು ಎಂದು ಕೇಳಿದರೆ ನನ್ನಲ್ಲಿ ಉತ್ತರವಿಲ್ಲ.

ಕಾಯಿನ್ ಕಳುವಾದರೆ? 2024ರ ಜುಲೈ 18ರಂದು ವಜೀರ್‌ಎಕ್ಸ್ ಎಕ್ಸ್‌ಚೇಂಜಿನಿಂದ ಸುಮಾರು 23 ಕೋಟಿ ಡಾಲರ್ ಮೌಲ್ಯದ ಕ್ರಿಪ್ಟೊವನ್ನು ಹ್ಯಾಕರುಗಳು ಕದ್ದರು. ಅಲ್ಲಿದ್ದ ಭಾರತೀಯರ ಉಳಿತಾಯ ಒಂದು ವರ್ಷಕ್ಕೂ ಹೆಚ್ಚು ಕಾಲ ಸಿಕ್ಕಿಕೊಂಡಿತು. ಅದನ್ನು ಹೇಗೆ ಹಿಂದಿರುಗಿಸಬೇಕೆಂಬ ವಿಚಾರಣೆ ನಡೆದದ್ದು ಸಿಂಗಪುರದ ಹೈಕೋರ್ಟಿನಲ್ಲಿ. ಬ್ಯಾಂಕು ಮುಳುಗಿದರೆ ಠೇವಣಿದಾರನಿಗೆ 5 ಲಕ್ಷ ರೂಪಾಯಿವರೆಗೆ ವಿಮೆಯಿದೆ. ಷೇರು ಕೊಂಡವನಿಗೆ ಸೆಬಿ ಇದೆ. ಕ್ರಿಪ್ಟೊ ಕೊಂಡವನಿಗೆ ಅಂಥ ಒಂದು ಬಾಗಿಲೂ ಇಲ್ಲ. ಅವನು ಮಾರಿದಾಗ ಶೇ 1ರ ಟಿಡಿಎಸ್ ಮಾತ್ರ ಕಡಿತವಾಗುತ್ತದೆ.

ನಮ್ಮೂರ ಸಂತೆಯಲ್ಲಿ ಸುಂಕ ಎತ್ತಿದರೆ ಅಲ್ಲೊಂದು ದೀಪ, ಕುಡಿಯುವ ನೀರು, ತೂಕದ ಮೇಲೆ ಒಂದು ಕಣ್ಣು ಇರಬೇಕೆಂದು ಜನ ಅಪೇಕ್ಷಿಸುತ್ತಾರೆ. ನಾನು ಕೇಳುವುದೂ ಅಷ್ಟನ್ನೇ. ಈ ವಹಿವಾಟಿಗೆ ಹೊಣೆಗಾರ ಸಂಸ್ಥೆಯೊಂದನ್ನು ಕಾನೂನಿನಲ್ಲಿ ಹೆಸರಿಸಿ. ಗ್ರಾಹಕರ ಕಾಯಿನ್ ಬೇರೆ, ಕಂಪನಿಯ ಕಾಯಿನ್ ಬೇರೆ ಇರಬೇಕೆಂದು ಕಡ್ಡಾಯ ಮಾಡಿ, ವರ್ಷವರ್ಷವೂ ಲೆಕ್ಕ ತಪಾಸಣೆಯಾಗಲಿ. ನಷ್ಟವನ್ನು ಲಾಭದಲ್ಲಿ ಕಳೆಯಲು ಬಿಡಿ. ಮೋಸಹೋದವರು ಕನ್ನಡದಲ್ಲಿ ದೂರು ಬರೆದು ಕೊಡುವಂಥ ಒಂದು ಕಚೇರಿ ಇರಲಿ. ಇದೆಲ್ಲ ಬೇಡ, ನಿಷೇಧವೇ ಸರಿ ಎಂದು ಸರ್ಕಾರಕ್ಕೆ ಅನ್ನಿಸಿದರೆ ಅದನ್ನಾದರೂ ಸಂಸತ್ತಿನಲ್ಲಿ ಹೇಳಿ.

ಈ ಪತ್ರ ಓದುವ ಹುಡುಗರಿಗೂ ಒಂದು ಮಾತು. ಸಾಲ ತಂದು, ಮನೆಯ ಒಡವೆ ಅಡವಿಟ್ಟು ಇದಕ್ಕೆ ಇಳಿಯಬೇಡಿ. ತಿಂಗಳಿಗಿಷ್ಟು ಗ್ಯಾರಂಟಿ ಲಾಭ ಎಂದವರನ್ನು ನಂಬಬೇಡಿ. ಕೀಲಿಕೈಯ ಆ ಪದಗಳನ್ನು ಯಾರಿಗೂ ಹೇಳಬೇಡಿ. ಮೋಸಹೋದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ.

ಸಚಿವರೇ, ಬರುವ ಜುಲೈಗೆ ಈ ಹುಡುಗರು ಮತ್ತೆ ಬಂದು ನನ್ನ ಬೆಂಚಿನ ಮೇಲೆ ಕೂರುತ್ತಾರೆ, ಅದೇ ಪ್ರಶ್ನೆ ಕೇಳುತ್ತಾರೆ. ಅಷ್ಟರೊಳಗೆ ಕ್ರಿಪ್ಟೊ ಮಸೂದೆಯನ್ನು ಸಂಸತ್ತಿನ ಮುಂದಿಡಿ.

ಇಂತಿ,
ತಮ್ಮ ವಿಶ್ವಾಸಿ,
ಒಬ್ಬ ತೆರಿಗೆ ಸಲಹೆಗಾರ, ದಾವಣಗೆರೆ