ಸೂಚನಾ ಫಲಕವನ್ನು ಡಿಜಿಟಲ್ ಮಾಡಿದ ಸಾಹೇಬರಿಗೆ

ಮಾನ್ಯ ಸಾಹೇಬರೇ,

ತಮ್ಮ ಕಚೇರಿಯ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಓದಿದವರೆಲ್ಲ ಇದು ತಮ್ಮೂರಿನದೇ ಅಂದುಕೊಂಡರೂ ಅಡ್ಡಿಯಿಲ್ಲ. ಪಡಸಾಲೆಯ ಕರಿಹಲಗೆಯನ್ನು ಕಿತ್ತು, ಆ ಜಾಗದಲ್ಲಿ ದೊಡ್ಡ ಟಿ.ವಿ. ನೇತುಹಾಕಿದ್ದೀರಿ. ಅದರ ಬೆನ್ನಿಗೆ ಎಟಿಎಂ ಕಾರ್ಡಿನಷ್ಟೇ ಇರುವ ರಾಸ್ಪ್‌ಬೆರಿ ಪೈ 3 ಎಂಬ ಗಣಕವನ್ನು ಅಂಟಿಸಿದ್ದೀರಿ. ಸರದಿ ಕಾಯುತ್ತ ಅದನ್ನೇ ನೋಡುತ್ತ ಕೂರುವ ಯೋಗ ನನಗೆ ಆಗಾಗ ಒದಗುವುದರಿಂದ, ಅಭಿನಂದನೆ ಸಲ್ಲಿಸದಿದ್ದರೆ ಕೃತಘ್ನನಾದೇನು.

ಆಯ್ಕೆಗೆ ಮೊದಲ ಶಹಬ್ಬಾಸ್. ಎಬೆನ್ ಅಪ್ಟನ್ ಮತ್ತು ಸಂಗಡಿಗರು ಇಂಗ್ಲೆಂಡಿನ ಕೇಂಬ್ರಿಡ್ಜ್‌ನಲ್ಲಿ, ಮಕ್ಕಳು ಪ್ರೋಗ್ರಾಮಿಂಗ್ ಕಲಿಯಲಿ ಅಂತ ಮಾಡಿದ ವಸ್ತು ಇದು. 2012ರ ಫೆಬ್ರವರಿ 29ರಂದು ಇದರ ಮೊದಲ ಮಾದರಿ ಮಾರಾಟಕ್ಕೆ ಬಂದಾಗ ಬೆಲೆ 35 ಡಾಲರ್. ಇಷ್ಟು ಅಗ್ಗದ್ದನ್ನು ಒಂದು ಕಚೇರಿ ತಾನಾಗಿಯೇ ಕೊಂಡಿದೆ ಎಂಬುದನ್ನು ನಂಬಲಾಗದೆ ಟಿ.ವಿ. ಹಿಂದೆ ಇಣುಕಿ ಖಾತ್ರಿ ಮಾಡಿಕೊಂಡೆ.

ಕೆಲಸವೂ ಸರಳ. ಕರೆಂಟು ಬಂದೊಡನೆ ಗಣಕ ಎಚ್ಚರಾಗಬೇಕು; ಕ್ರೋಮಿಯಂ ಬ್ರೌಸರ್ ಕಿಯಾಸ್ಕ್ ಮೋಡ್‌ನಲ್ಲಿ, ಅಂದರೆ ವಿಳಾಸದ ಪಟ್ಟಿ, ಗುಂಡಿ ಯಾವುದೂ ಕಾಣದ ಹಾಗೆ, ಒಂದೇ ಒಂದು ಪುಟವನ್ನು ಪರದೆ ತುಂಬ ತೆರೆಯಬೇಕು. ಆ ಪುಟವನ್ನು ಒಳಗಿನ ಕೋಣೆಯಿಂದ ಯಾರಾದರೂ ತಿದ್ದಿದರೆ ಹೊರಗಿನ ಫಲಕವೂ ಬದಲಾಗುತ್ತದೆ. ಆಸಕ್ತಿಯಿರುವ ಹುಡುಗನಿಗೆ ಒಂದು ಮಧ್ಯಾಹ್ನದ ಕೆಲಸ. ಇಂಥ ಸರಳ ವ್ಯವಸ್ಥೆಯಿಂದ ತಾವು ಹೊರತೆಗೆದಿರುವ ವೈವಿಧ್ಯವನ್ನು ನೋಡಿಯೇ ನಾನು ಬೆರಗಾದದ್ದು.

ಪರದೆಯ ಬಲತುದಿಯ ಹಳದಿ ಮಿಂಚಿನ ಗುರುತನ್ನೇ ತೆಗೆದುಕೊಳ್ಳಿ. ಪಕ್ಕದಲ್ಲಿ ಕೂತಿದ್ದ ಹಿರಿಯರೊಬ್ಬರು ಅದನ್ನು ವಿದ್ಯುತ್ ಇಲಾಖೆಯ ಜಾಹೀರಾತು ಅಂದುಕೊಂಡಿದ್ದರು. ಗಣಕಕ್ಕೆ ಬರುವ ವೋಲ್ಟೇಜು ಸುಮಾರು 4.63ಕ್ಕಿಂತ ಕೆಳಗಿಳಿದಾಗ ಅದು ಹೀಗೆ ಮೊರೆಯಿಡುತ್ತದೆ. ಪೈ 3ಕ್ಕೆ 2.5 ಆಂಪ್ ಕೊಡಬಲ್ಲ ಅಡಾಪ್ಟರ್ ಬೇಕೆಂದು ತಯಾರಕರೇ ಹೇಳುತ್ತಾರೆ. ತಾವು ಆ ದುಂದುವೆಚ್ಚಕ್ಕೆ ಹೋಗದೆ, ಟಿ.ವಿ.ಯ ಯುಎಸ್‌ಬಿ ಕಿಂಡಿಯಿಂದಲೇ ಒಂದು ವೈರು ಎಳೆದಿದ್ದೀರಿ. ಆ ಕಿಂಡಿ ಸಾಮಾನ್ಯವಾಗಿ ಕೊಡುವುದು ಅರ್ಧ ಆಂಪ್, ಹೆಚ್ಚೆಂದರೆ ಒಂದು. ಅರೆಹೊಟ್ಟೆಯಲ್ಲೂ ದುಡಿಯುವ ನೌಕರ ಕಚೇರಿಗೆ ಸಿಕ್ಕಂತಾಯಿತು.

ಇದರಿಂದ ಇನ್ನೊಂದು ಲಾಭವೂ ಇದೆ. ಸಂಜೆ ರಿಮೋಟ್ ಒತ್ತಿ ಟಿ.ವಿ. ಆರಿಸಿದರೆ ಗಣಕದ ಉಸಿರೂ ಅಲ್ಲಿಗೇ ನಿಲ್ಲುತ್ತದೆ. ಅದಕ್ಕೆ ಹಾರ್ಡ್‌ ಡಿಸ್ಕ್ ಇಲ್ಲ. ಇಡೀ ವ್ಯವಸ್ಥೆ ಬೆರಳುಗುರಿನಷ್ಟಿರುವ ಎಸ್‌ಡಿ ಕಾರ್ಡಿನಲ್ಲಿ ಕೂತಿರುತ್ತದೆ. ಏನನ್ನಾದರೂ ಬರೆಯುತ್ತಿರುವಾಗಲೇ ಕರೆಂಟು ಹೋದರೆ ಕಾರ್ಡು ಕೆಡಬಹುದು. ಕೆಡದಿದ್ದ ದಿನ ಬೆಳಿಗ್ಗೆ ಬ್ರೌಸರ್ ‘ಕಳೆದ ಬಾರಿ ಸರಿಯಾಗಿ ಮುಚ್ಚಿರಲಿಲ್ಲ, ಪುಟಗಳನ್ನು ಮತ್ತೆ ತೆರೆಯಲೇ?’ ಎಂದು ಕೇಳುತ್ತ ನಿಂತಿರುತ್ತದೆ. ಉತ್ತರಿಸಲು ಮೌಸ್ ಇಲ್ಲ. ಸಾರ್ವಜನಿಕರನ್ನು ಪ್ರಶ್ನೆ ಕೇಳುವ ಸೂಚನಾ ಫಲಕವನ್ನು ನಾನು ಕಂಡದ್ದು ತಮ್ಮಲ್ಲಿಯೇ. ಕಾರ್ಡು ಕೆಟ್ಟ ದಿನಗಳಲ್ಲಂತೂ ಕಪ್ಪು ಪರದೆಯ ಮೇಲೆ ಬಿಳಿ ಇಂಗ್ಲಿಷ್ ಸಾಲುಗಳು. ಟೋಕನ್ ಕೂಗುವವರೆಗೆ ಓದಲು ಅದೂ ಆಯಿತು.

ಗಡಿಯಾರದ ವಿಷಯ ಬಿಡುವಂತಿಲ್ಲ. ಪೈ 3ರೊಳಗೆ ಬ್ಯಾಟರಿಯ ಗಡಿಯಾರವಿಲ್ಲ. ಪ್ರತಿ ಸಲ ಎದ್ದಾಗಲೂ ಅದು ಇಂಟರ್ನೆಟ್ಟನ್ನು ಕೇಳಿ ಸಮಯ ತಿಳಿದುಕೊಳ್ಳಬೇಕು. ಇಂಟರ್ನೆಟ್ ಸಿಗದಿದ್ದರೆ, ಆರುವ ಮುನ್ನ ಕಡೆಯದಾಗಿ ಬರೆದಿಟ್ಟುಕೊಂಡಿದ್ದ ಸಮಯದಿಂದಲೇ ಮುಂದುವರಿಸುತ್ತದೆ. ಹಾಗಾಗಿ ತಮ್ಮ ಪಡಸಾಲೆಯಲ್ಲಿ ಸೋಮವಾರ ಹನ್ನೊಂದು ಗಂಟೆಗೆ ಇನ್ನೂ ಶನಿವಾರ ಸಂಜೆ ಐದು. ‘ಸಮಯ ಮುಗೀತು, ನಾಳೆ ಬನ್ನಿ’ ಎನ್ನುವ ಸಿಬ್ಬಂದಿಗೆ ಇದರಿಂದ ಅಧಿಕೃತ ಪುರಾವೆಯೇ ದೊರೆತಂತಾಗಿದೆ.

ಕನ್ನಡದ ಮೇಲಿನ ತಮ್ಮ ಅಭಿಮಾನಕ್ಕೂ ನಮಸ್ಕಾರ. ಸೂಚನೆಗಳೆಲ್ಲ ಕನ್ನಡದಲ್ಲೇ ಇವೆಯಂತೆ. ಕಾಣುವುದು ಮಾತ್ರ ಸಾಲುಸಾಲು ಖಾಲಿ ಚೌಕ. ಗಣಕದಲ್ಲಿ ಕನ್ನಡ ಫಾಂಟ್ ಇಲ್ಲದಿದ್ದರೆ ಹೀಗಾಗುತ್ತದೆ. ಒಮ್ಮೆ ಚೌಕದ ಬದಲು, ತಲೆಯ ಮೇಲೆ ಕೊಂಬು ಮೂಡಿದ ರೋಮನ್ ಅಕ್ಷರಗಳು ಬಂದಿದ್ದವು; ಯಾರೋ ಯೂನಿಕೋಡ್ ಅಲ್ಲದ ಹಳೆಯ ಫಾಂಟ್‌ನಲ್ಲಿ ಟೈಪ್ ಮಾಡಿ ಹಾಗೆಯೇ ಅಂಟಿಸಿದ್ದರು. ಈ ಗಣಕದ ಕಾರ್ಯವ್ಯವಸ್ಥೆ ಡೆಬಿಯನ್ ಆಧಾರಿತ. ಅದರ ಉಗ್ರಾಣದಲ್ಲಿ ಲೋಹಿತ್, ಗುಬ್ಬಿ, ನವಿಲು, ನೋಟೋ ಎಂಬ ಕನ್ನಡ ಫಾಂಟ್‌ಗಳು ಬಿಟ್ಟಿ ಬಿದ್ದಿವೆ. ಇಳಿಸಿಕೊಳ್ಳಲು ಸಹಿ, ಮೊಹರು ಏನೂ ಬೇಡ. ಬಹುಶಃ ಅದೇ ತೊಡಕಾಗಿರಬೇಕು.

ಎಲ್ಲವೂ ಸರಿಯಿದ್ದ ಅಪರೂಪದ ದಿನ ಏನು ಕಾಣುತ್ತದೆ? ಇದೇ ಫಲಕದ ಉದ್ಘಾಟನೆಯ ಫೋಟೋಗಳು. ಟೇಪು ಕತ್ತರಿಸುವವರು, ಹಾರ ಹಾಕಿಸಿಕೊಂಡವರು, ಚೌಕಟ್ಟಿನೊಳಗೆ ಅರ್ಧ ಮುಖ ತೂರಿಸಿದವರು, ಎಲ್ಲರೂ ನಿಧಾನವಾಗಿ ಬಂದು ನಿಂತು ಹೋಗುತ್ತಾರೆ. ಕೊನೆಯಲ್ಲಿ ಯಾವ ಕೌಂಟರಿನಲ್ಲಿ ಯಾವ ಅರ್ಜಿ, ಶುಲ್ಕ ಎಷ್ಟು ಎಂಬ ಪುಟ ಮಿಂಚಿ ಮರೆಯಾಗುತ್ತದೆ. ಕನ್ನಡಕ ಏರಿಸುವಷ್ಟರಲ್ಲಿ ಮತ್ತೆ ಹಾರ.

2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಕಲಂ ತಮಗೆ ಗೊತ್ತೇ ಇದೆ. ಯಾರೂ ಅರ್ಜಿ ಹಾಕದಿದ್ದರೂ ಕಚೇರಿ ತಾನಾಗಿ ಮಾಹಿತಿ ತಿಳಿಸಬೇಕು ಎನ್ನುತ್ತದೆ ಅದು. ತಿಳಿಸುವ ದಾರಿಗಳನ್ನು ಎಣಿಸುವಾಗ ಪತ್ರಿಕೆ, ಇಂಟರ್ನೆಟ್ ಎಲ್ಲಕ್ಕೂ ಮೊದಲು ಹೇಳಿರುವುದು ಸೂಚನಾ ಫಲಕವನ್ನು. ಕರಿಹಲಗೆಯಿದ್ದಾಗ ತಮ್ಮ ಅಟೆಂಡರ್ ಬೆಳಿಗ್ಗೆ ಬಂದವರೇ ಒದ್ದೆ ಬಟ್ಟೆಯಲ್ಲಿ ಒರೆಸಿ, ‘ಸಾಹೇಬರು ಇಂದು ರಜೆ’ ಅಂತ ಸೀಮೆಸುಣ್ಣದಲ್ಲಿ ಬರೆದುಬಿಡುತ್ತಿದ್ದರು. ಹಳ್ಳಿಯಿಂದ ಬಂದವರು ಅದನ್ನು ಓದಿಕೊಂಡು ಮುಂದಿನ ಬಸ್ಸಿಗೇ ಹಿಂತಿರುಗುತ್ತಿದ್ದರು. ಈಗ ಅವರೂ ನಮ್ಮೊಂದಿಗೆ ಫೋಟೋ ನೋಡುತ್ತ ನಿಂತಿರುತ್ತಾರೆ. ಪುಟ ತಿದ್ದುವ ಪಾಸ್‌ವರ್ಡ್ ಗುತ್ತಿಗೆದಾರರ ಬಳಿ ಇದೆಯಂತೆ. ಗುತ್ತಿಗೆದಾರರು ಫೋನ್ ಎತ್ತುತ್ತಿಲ್ಲವಂತೆ.

ಆದ್ದರಿಂದ ಬಡ ನಾಗರಿಕನ ವಿನಂತಿ ಇಷ್ಟು. ಒಂದು ಸರಿಯಾದ ಅಡಾಪ್ಟರ್ ಕೊಡಿಸಿ, ಗೋಡೆಯ ಪ್ಲಗ್ಗಿಗೇ ಹಾಕಿಸಿ. ಸೆಟ್ಟಿಂಗ್ಸ್‌ನಲ್ಲಿ ಓವರ್‌ಲೇ ಫೈಲ್ ಸಿಸ್ಟಮ್ ಎಂಬ ಆಯ್ಕೆಯಿದೆ. ಅದನ್ನು ಆನ್ ಮಾಡಿದರೆ ಗಣಕ ಕಾರ್ಡಿನ ಮೇಲೆ ಬರೆಯುವ ಗೋಜಿಗೇ ಹೋಗುವುದಿಲ್ಲ, ಕರೆಂಟು ಹೋದರೂ ಕಾರ್ಡು ಉಳಿಯುತ್ತದೆ. ಹಾಗೆ ಮಾಡುವ ಮೊದಲು ಒಂದು ಕನ್ನಡ ಫಾಂಟ್ ಹಾಕಿಸಲು ಮರೆಯಬೇಡಿ. ಪಾಸ್‌ವರ್ಡನ್ನು ಗುತ್ತಿಗೆದಾರರಿಂದ ವಾಪಸು ಪಡೆದು ಅಟೆಂಡರ್ ಅವರ ಕೈಗೆ ಕೊಡಿ. ತಾವು ಯಾವತ್ತು ಬರುವುದಿಲ್ಲ ಎಂಬುದು ಕಚೇರಿಯಲ್ಲಿ ಎಲ್ಲರಿಗಿಂತ ಮೊದಲು ಗೊತ್ತಾಗುವುದು ಅವರಿಗೇ.

ಇತಿ ತಮ್ಮ ವಿಧೇಯ,
ಮೂರನೇ ಕೌಂಟರಿನ ಎದುರು ಬೆಂಚಿನವನು