ನನ್ನ ಮೇಲೆ ಬಾಜಿ ಕಟ್ಟಿದ ಮಹನೀಯರಿಗೆ

ಅಪರಿಚಿತರೂ ಆಪ್ತರೂ ಆದ ಬಾಜಿದಾರ ಮಹನೀಯರ ಸನ್ನಿಧಿಗೆ,

ಮೊದಲ ಸುತ್ತಿನಲ್ಲೇ ಸೋತ ಟೆನಿಸ್ ಆಟಗಾರ ಮಾಡುವ ಸಾಷ್ಟಾಂಗ ನಮಸ್ಕಾರಗಳು.

ಕೊನೆಯ ಪಾಯಿಂಟ್ ಸೋತು, ಎದುರಾಳಿಯ ಕೈ ಕುಲುಕಿ, ಬ್ಯಾಗಿನಿಂದ ಫೋನ್ ತೆಗೆಯುವಷ್ಟರಲ್ಲಿ ತಮ್ಮ ಸಂದೇಶ ಬಂದು ಕೂತಿತ್ತು: “ಲೋ ಬೇವರ್ಸಿ, ದುಡ್ಡು ತಿಂದು ಸೋತ್ಯಾ? ನನ್ನ ಇಪ್ಪತ್ತು ಸಾವಿರ ಹೋಯ್ತು. ರ‍್ಯಾಕೆಟ್ ಬಿಸಾಕಿ ಎಮ್ಮೆ ಕಾಯೋಕೆ ಹೋಗು.” ಅದರ ಕೆಳಗೆ ನಮ್ಮ ತಾಯಿಯವರನ್ನು ಕುರಿತು ಎರಡು ಸಾಲು ಇತ್ತು. ಅದನ್ನು ಯಾವ ಸಂಪಾದಕರೂ ಅಚ್ಚು ಹಾಕಲಾರರು.

ತಾವು ತಪ್ಪು ತಿಳಿಯಬಾರದು, ನನಗೆ ಕಣ್ಣಲ್ಲಿ ನೀರೇ ಬಂತು. ಟ್ಯುನೀಷಿಯಾದ ಮೊನಾಸ್ತೀರ್ ಎಂಬ ಈ ಕಡಲತೀರದ ಊರಿನಲ್ಲಿ ಕನ್ನಡದ ಒಂದು ಸೊಲ್ಲು ಕೇಳದೆ ವಾರಗಳೇ ಕಳೆದಿದ್ದವು. ಸೋತಾಗಲೆಲ್ಲ ಬೈಗುಳ ಬರುವುದು ರೂಢಿ. ಆದರೆ ಯಾವ್ಯಾವುದೋ ದೇಶದವರು ಯಾವ್ಯಾವುದೋ ಭಾಷೆಯಲ್ಲಿ ಬೈದರೆ ಅದು ಬೇರೆ ಯಾರಿಗೋ ಬಂದ ಕಾಗದದ ಹಾಗಿರುತ್ತದೆ. ತಮ್ಮದು ಮಾತ್ರ ನೇರವಾಗಿ ಮನೆ ಬಾಗಿಲಿಗೇ ಬಂತು.

ಈಗ ನನ್ನ ಪ್ರೇಕ್ಷಕರ ವಿಷಯಕ್ಕೆ ಬರುತ್ತೇನೆ. ಪಂದ್ಯದ ಹೊತ್ತಿಗೆ ಕೋರ್ಟಿನ ಪಕ್ಕದಲ್ಲಿ ಇದ್ದವರು ಎದುರಾಳಿಯ ಗೆಳತಿ, ತಮ್ಮ ಸರದಿಗೆ ಕಾಯುತ್ತ ಬಾಳೆಹಣ್ಣು ತಿನ್ನುತ್ತಿದ್ದ ಇಬ್ಬರು ಆಟಗಾರರು, ಮತ್ತು ಒಂದು ಬೆಕ್ಕು. ಎರಡನೇ ಸೆಟ್ಟಿನಲ್ಲಿ ಬೆಕ್ಕೂ ಎದ್ದುಹೋಯಿತು. ಬಾಲ್ ಬಾಯ್‌ಗಳಿಲ್ಲ, ಚೆಂಡು ಹೆಕ್ಕುವವನೂ ನಾನೇ. ಇಂಥಲ್ಲಿ ಮೂರನೇ ಸೆಟ್ಟಿನ 4–5, 30–40ರಲ್ಲಿ ನಾನು ಹೊಡೆದ ಡಬಲ್ ಫಾಲ್ಟನ್ನು ಸಮುದ್ರದಾಚೆ ಕೂತು, ಅದೇ ಕ್ಷಣದಲ್ಲಿ, ಹೊಟ್ಟೆಯಲ್ಲಿ ಬೆಂಕಿ ಬಿದ್ದವರಂತೆ ಅನುಭವಿಸಿದವರು ತಾವೊಬ್ಬರೇ. ನಮ್ಮಪ್ಪನಿಗೂ ಫಲಿತಾಂಶ ತಿಳಿಯುವುದು ಮರುದಿನ, ಅದೂ ನಾನಾಗಿ ಹೇಳಿದರೆ.

ಜೊತೆಗೆ ತಮ್ಮ ಇಪ್ಪತ್ತು ಸಾವಿರ. ನನ್ನ ಟೆನಿಸ್‌ಗೆ ಒಂದೇ ದಿನದಲ್ಲಿ ಅಷ್ಟು ಹಣ ಹಾಕಿದವರು, ಹೆತ್ತವರನ್ನು ಬಿಟ್ಟರೆ, ಈವರೆಗೆ ಯಾರೂ ಇಲ್ಲ. ಊರಿನಲ್ಲಿ ನನಗೆ ಸನ್ಮಾನಗಳಾಗಿವೆ. ಮೈಸೂರು ಪೇಟ, ಶಾಲು, ಏಲಕ್ಕಿ ಹಾರ, ಹಣ್ಣಿನ ಬುಟ್ಟಿ, ಹೆಸರು ತಪ್ಪಾಗಿ ಕೆತ್ತಿದ ಫಲಕ, ‘ಸರ್ಕಾರದಿಂದ ಸಕಲ ನೆರವು’ ಎಂಬ ಭಾಷಣ. ಪೇಟ ಕೊಟ್ಟು ರ‍್ಯಾಕೆಟ್‌ಗೆ ಗಟ್ಟಿಂಗ್ ಹಾಕಿಸಲು ಬರುವುದಿಲ್ಲ. ತಾವಾದರೋ 2025ರ ಆಗಸ್ಟಿನಲ್ಲಿ ಸಂಸತ್ತು ಆನ್‌ಲೈನ್ ಹಣದಾಟವನ್ನೇ ನಿಷೇಧಿಸಿದ ಮೇಲೂ, ಸಾವಿರದ ಆಸುಪಾಸಿನ ರ‍್ಯಾಂಕಿನ ನನ್ನ ಮೇಲೆ ನಂಬಿಕೆ ಇಟ್ಟಿರಿ. ನನ್ನ ಸೋದರಮಾವನಿಗೂ ಇಲ್ಲದ ನಂಬಿಕೆ.

“ದುಡ್ಡು ತಿಂದು ಸೋತ್ಯಾ” ಎಂದು ಕೇಳಿದಿರಿ. ತಿಂದಿದ್ದೇನೆ. ಲೆಕ್ಕ ಒಪ್ಪಿಸುತ್ತೇನೆ.

ಇದು ಎಂ15 ಎಂಬ ಕಟ್ಟಕಡೆಯ ದರ್ಜೆಯ ಟೂರ್ನಿ. ಒಟ್ಟು ಬಹುಮಾನ 15 ಸಾವಿರ ಡಾಲರ್. ಒಬ್ಬನಿಗಲ್ಲ, ಸಿಂಗಲ್ಸ್ ಡಬಲ್ಸ್ ಆಡುವವರೆಲ್ಲರೂ ಸೇರಿ ಹಂಚಿಕೊಳ್ಳಬೇಕಾದದ್ದು. ಸಿಂಗಲ್ಸ್ ಗೆದ್ದವನಿಗೆ 2,160 ಡಾಲರ್. ಮೊದಲ ಸುತ್ತಿನಲ್ಲಿ ಸೋತವನಿಗೆ 156 ಡಾಲರ್. ರೂಪಾಯಿಯಲ್ಲಿ ಹದಿನಾಲ್ಕು ಸಾವಿರದ ಆಸುಪಾಸು, ಅಂದರೆ ತಾವು ಕಳೆದುಕೊಂಡದ್ದಕ್ಕಿಂತ ಕಡಿಮೆ. ಅದರಲ್ಲಿ ತೆರಿಗೆ ಕಳೆಯಿರಿ. 40 ಡಾಲರ್ ಪ್ರವೇಶ ಶುಲ್ಕ ಕಳೆಯಿರಿ. ಹೌದು, ಸೋಲಲು ನಾವೇ ಟಿಕೆಟ್ ಕೊಳ್ಳಬೇಕು. ಗಟ್ಟಿಂಗ್, ಊಟ, ಹೋಟೆಲ್, ವಿಮಾನ, ವೀಸಾ ಇನ್ನೂ ಸೇರಿಸಿಲ್ಲ. ಬಾಡಿಗೆ ಅರ್ಧವಾಗಲಿ ಎಂದು ರೂಮಿಗೆ ಜೊತೆಗಾರನನ್ನು ಹುಡುಕಿಕೊಳ್ಳುತ್ತೇವೆ. ಡ್ರಾ ಬಂದಾಗ ನೋಡಿದರೆ ಅವನೇ ಎದುರಾಳಿ. ರಾತ್ರಿ ‘ಲೈಟ್ ಆರಿಸ್ಲಾ?’ ಎಂದು ಮೆತ್ತಗೆ ಕೇಳಿದವನ ಬ್ಯಾಕ್‌ಹ್ಯಾಂಡ್ ಹುಡುಕಿ ಹುಡುಕಿ ಬೆಳಿಗ್ಗೆ ಹೊಡೆಯಬೇಕು.

ದುಡ್ಡು ಹೋಗಲಿ, ರ‍್ಯಾಂಕಿಂಗ್ ಪಾಯಿಂಟ್ ಆದರೂ ಬಂತೇ ಎಂದು ತಾವು ಕೇಳಬಹುದು. ಮೊದಲ ಸುತ್ತು ಗೆದ್ದರೆ ಒಂದು ಪಾಯಿಂಟ್. ಇಡೀ ಟೂರ್ನಿ ಗೆದ್ದರೆ ಹದಿನೈದು. ನನಗೆ ಬಂದದ್ದು ಸೊನ್ನೆ. ಆ ಸೊನ್ನೆಗಾಗಿ ಸಮುದ್ರ ದಾಟಿ ಬಂದದ್ದೇಕೆ ಎಂದರೆ, ನಮ್ಮಲ್ಲಿ ಇಂಥ ಟೂರ್ನಿಗಳು ವರ್ಷದಲ್ಲಿ ಕೆಲವೇ ವಾರ. 2023ರಲ್ಲಿ ಮೈಸೂರು, ಧಾರವಾಡ, ಕಲಬುರಗಿಗಳಲ್ಲಿ 25 ಸಾವಿರ ಡಾಲರ್‌ನ ಟೂರ್ನಿಗಳಾದವು. ಅಲ್ಲಿ ಜೋಳದ ರೊಟ್ಟಿ ತಿಂದು ಸೋಲಬಹುದಿತ್ತು. ಉಳಿದ ವಾರಗಳಲ್ಲಿ? ಮೊನಾಸ್ತೀರ್, ಈಜಿಪ್ಟಿನ ಶರ್ಮ್ ಎಲ್ ಶೇಖ್, ಟರ್ಕಿಯ ಅಂಟಾಲ್ಯ. ಸೀಸನ್ ಮುಗಿದ ರೆಸಾರ್ಟುಗಳಲ್ಲಿ ವಾರದ ನಂತರ ವಾರ ಅದೇ ಟೂರ್ನಿ, ಅದೇ ಬಫೆ, ಅದೇ ಮುಖಗಳು. ನಾವು ಆಟಗಾರರೋ ಹೋಟೆಲಿನ ಖಾಯಂ ಗಿರಾಕಿಗಳೋ ಎಂದು ನಮಗೇ ಅನುಮಾನ ಬರುತ್ತದೆ.

ತಾವು ಲೆಕ್ಕದಲ್ಲಿ ಚುರುಕು ಎಂದು ನಂಬಿ ಇನ್ನೊಂದು ಗುಣಾಕಾರ ಒಪ್ಪಿಸುತ್ತೇನೆ. ನಾನು ಒಂದು ವಾರವೂ ಬಿಡದೆ, ಜ್ವರ ಬಂದರೂ ಭುಜ ಕಳಚಿದರೂ, ವರ್ಷದ 52 ವಾರವೂ ಎಂ15 ಆಡಿ ಐವತ್ತೆರಡನ್ನೂ ಗೆದ್ದೆ ಎಂದುಕೊಳ್ಳಿ. ಸಿಂಗಲ್ಸ್‌ನಿಂದ ಬರುವ ಬಹುಮಾನ 1,12,320 ಡಾಲರ್. 2025ರ ಅಮೆರಿಕನ್ ಓಪನ್‌ನಲ್ಲಿ ಮೊದಲ ಸುತ್ತಿಗೇ ಸೋತು ಸಂಜೆ ಊಟಕ್ಕೆ ಹೋದವನಿಗೆ ಸಿಕ್ಕಿದ್ದು 1,10,000. ಎರಡು ಸಾವಿರ ಡಾಲರಷ್ಟು ನಾನೇ ಮುಂದು! ಅದೇ ಟೂರ್ನಿ ಆಟಗಾರರಿಗೆ ಹಂಚುವ ಒಟ್ಟು ಹಣ 2017ರಲ್ಲಿ ಐದು ಕೋಟಿ ಡಾಲರ್ ಇದ್ದದ್ದು 2025ರಲ್ಲಿ ಒಂಬತ್ತು ಕೋಟಿ ಆಯಿತು. ನಮ್ಮದೂ ಹಿಂದೆ ಬಿದ್ದಿಲ್ಲ. 2017ರಲ್ಲಿ ಹತ್ತು ಸಾವಿರದಿಂದ ಹದಿನೈದಕ್ಕೆ ಏರಿತು. 2025ರಲ್ಲೂ ಹದಿನೈದೇ ಇತ್ತು. ಎತ್ತರದ ಜಾಗ, ಏದುಸಿರು ಬಿಡುತ್ತಿರಬೇಕು.

ಎಮ್ಮೆ ಕಾಯುವ ಸಲಹೆಯನ್ನು ನಾನು ಹಗುರವಾಗಿ ತಳ್ಳಿಹಾಕಿಲ್ಲ. ವಿಚಾರಿಸಿದ್ದೇನೆ. ಡೇರಿಯಲ್ಲಿ ಜಿಡ್ಡು ಅಳೆದು ಲೀಟರ್ ಲೆಕ್ಕದಲ್ಲಿ ದುಡ್ಡು ಕೊಡುತ್ತಾರೆ, ಮೇಲೆ ಸರ್ಕಾರದ ಪ್ರೋತ್ಸಾಹಧನ. ಹಾಲು ಹಾಕಲು ಪ್ರವೇಶ ಶುಲ್ಕವಿಲ್ಲ. ಈ ವಾರ ಕಡಿಮೆ ಕರೆದ ಎಮ್ಮೆಗೂ ಮುಂದಿನ ವಾರ ಹಿಂಡಿ ಇದ್ದೇ ಇದೆ. ಅಂತರರಾಷ್ಟ್ರೀಯ ಟೆನಿಸ್ ಒಕ್ಕೂಟ 2013ರ ಅಂಕಿಅಂಶ ಹಿಡಿದು ಕೂತಾಗ ಹೊರಬಿದ್ದದ್ದು ಬೇರೆಯೇ ಚಿತ್ರ. ವೃತ್ತಿಪರ ಟೂರ್ನಿ ಆಡಿದವರು ಸುಮಾರು 14 ಸಾವಿರ ಜನ. ಅವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ಒಂದು ಡಾಲರೂ ಬಹುಮಾನ ಬಂದಿಲ್ಲ. ಗಂಡಸರಲ್ಲಿ 336ನೇ ರ‍್ಯಾಂಕಿಗೆ ಬಂದರೆ ಖರ್ಚಿಗೂ ಆದಾಯಕ್ಕೂ ಸರಿಹೋಗುತ್ತದೆ, ಅದೂ ಕೋಚ್‌ಗೆ ಸಂಬಳ ಕೊಡದೆ ಇದ್ದರೆ. ಭೂಮಿಯ ಮೇಲೆ ನಿಮ್ಮ ಕಸುಬಿನಲ್ಲಿ ನಿಮಗಿಂತ ಚೆನ್ನಾಗಿ ಮಾಡುವವರು 335 ಜನ ಮಾತ್ರ ಇದ್ದಾರೆ ಎಂದರೆ ಬೇರೆ ಯಾವ ಕಸುಬಿನಲ್ಲಾದರೂ ಮನೆ ಮುಂದೆ ಕಾರು ನಿಂತಿರುತ್ತದೆ. ನಮ್ಮಲ್ಲಿ ಮನೆಯನ್ನೇ ಅಡವಿಡುವ ಯೋಚನೆ ನಡೆದಿರುತ್ತದೆ.

ಇಷ್ಟು ಬಡಕಲು ಟೂರ್ನಿಯ ಸ್ಕೋರು ತಮ್ಮ ಫೋನಿಗೆ ಅಷ್ಟು ಬೇಗ ತಲುಪುವುದು ಹೇಗೆ ಎಂದು ತಾವು ಯಾವತ್ತಾದರೂ ಯೋಚಿಸಿದ್ದೀರಾ? ಟವೆಲ್ ಕೊಡುವವರಿಲ್ಲ, ಚೆಂಡು ಹೆಕ್ಕುವವರಿಲ್ಲ, ಕ್ವಾಲಿಫೈಯಿಂಗ್‌ನಲ್ಲಿ ಎಷ್ಟೋ ಸಲ ಅಂಪೈರೂ ಇರುವುದಿಲ್ಲ. ಚೆಂಡು ಒಳಗೆ ಬಿತ್ತೋ ಹೊರಗೆ ಬಿತ್ತೋ ನಾವೇ ಕೂಗಿಕೊಳ್ಳಬೇಕು, ಆಮೇಲೆ ನಾವೇ ಜಗಳವಾಡಬೇಕು. ಆದರೆ ಮುಖ್ಯ ಡ್ರಾದಲ್ಲಿ ಎತ್ತರದ ಕುರ್ಚಿಯಲ್ಲಿ ಕೂತ ಅಂಪೈರ್ ಕೈಯಲ್ಲಿ ಒಂದು ಯಂತ್ರ ಇರುತ್ತದೆ. ಪ್ರತಿ ಪಾಯಿಂಟಿಗೂ ಅದನ್ನು ಒತ್ತಬೇಕು. ಆ ಒತ್ತು ತಮಗಾಗಿ. 2012ರಿಂದ ಒಕ್ಕೂಟ ನಮ್ಮ ಲೈವ್ ಸ್ಕೋರನ್ನು ಅಂಕಿಅಂಶದ ಕಂಪನಿಗೆ ಮಾರುತ್ತಾ ಬಂತು, ಅಲ್ಲಿಂದ ಅದು ಬೆಟ್ಟಿಂಗ್ ಕಂಪನಿಗಳಿಗೆ ಹೋಗುತ್ತದೆ. ಮುಂದೆ ನವೀಕರಿಸಿದ ಐದು ವರ್ಷದ ಕರಾರಿನ ಮೊತ್ತ ಏಳು ಕೋಟಿ ಡಾಲರ್.

ಓದುವಾಗ ನನಗೂ ರೋಮಾಂಚನವಾಯಿತು. ನನ್ನ ಡಬಲ್ ಫಾಲ್ಟ್‌ಗೂ ಜಗತ್ತಿನ ಮಾರುಕಟ್ಟೆಯಲ್ಲಿ ಬೆಲೆ ಇದೆ! ನನ್ನ ಆಟವನ್ನು ಯಾರೂ ಕೊಳ್ಳುವುದಿಲ್ಲ, ಟಿಕೆಟ್ ಇಟ್ಟರೆ ಆ ಬೆಕ್ಕೂ ಬರುವುದಿಲ್ಲ. ನನ್ನ ಸ್ಕೋರಿಗೆ ಮಾತ್ರ ಗಿರಾಕಿ ಇದ್ದಾರೆ. ಹೀಗಾಗಿ ನಾನು ಇಲ್ಲಿ ಟೆನಿಸ್ ಆಡುತ್ತಿದ್ದೇನೆ ಎಂಬುದು ನಮ್ಮಮ್ಮನ ತಿಳಿವಳಿಕೆ ಅಷ್ಟೇ. ನಿಜವಾಗಿ ನಾನು ತಮಗೆ ಬೇಕಾದ 15, 30, 40 ಎಂಬ ಅಂಕಿಗಳನ್ನು ಬೆವರು ಸುರಿಸಿ ತಯಾರಿಸುವ ಕಾರ್ಖಾನೆಯ ಕೂಲಿ. ಕಚ್ಚಾ ಸಾಮಗ್ರಿಯೂ ನನ್ನದೇ, ಕರೆಂಟ್ ಬಿಲ್ಲೂ ನನ್ನದೇ.

ಇದನ್ನೆಲ್ಲ ನಾನೇ ಹುಟ್ಟುಹಾಕಿದ ಮಾತು ಎನ್ನಬೇಡಿ. ಫಿಕ್ಸಿಂಗ್ ಗಲಾಟೆ ಎದ್ದ ಮೇಲೆ 2016ರಲ್ಲಿ ಟೆನಿಸ್‌ನ ದೊಡ್ಡವರೇ ಆಡಂ ಲೂಯಿಸ್ ಎಂಬ ಬ್ರಿಟಿಷ್ ವಕೀಲರ ನೇತೃತ್ವದಲ್ಲಿ ಸ್ವತಂತ್ರ ಸಮಿತಿ ನೇಮಿಸಿದರು. ಕೆಳದರ್ಜೆಯ ಟೆನಿಸ್‌ನಲ್ಲಿ ಬೆಟ್ಟಿಂಗ್ ಭ್ರಷ್ಟಾಚಾರ ಸುನಾಮಿಯಂತೆ ನುಗ್ಗಿದೆ, ಅದಕ್ಕೆ ಬಾಗಿಲು ತೆಗೆದದ್ದೇ ಈ ಸ್ಕೋರು ಮಾರಾಟ ಎಂದು ಸಮಿತಿ ಕಂಡುಕೊಂಡಿತು. ಅತಿ ಕೆಳಗಿನ ಮಟ್ಟದಲ್ಲಿ ಅದನ್ನು ನಿಲ್ಲಿಸಿ ಎಂದು 2018ರ ಡಿಸೆಂಬರಿನಲ್ಲಿ ಸಲಹೆಯನ್ನೂ ಕೊಟ್ಟಿತು. ವರದಿ ದಪ್ಪಗಿದೆ, ಬೈಂಡಿಂಗ್ ಚೆನ್ನಾಗಿರಬೇಕು. ತಾವಂತೂ ಇನ್ನೂ ಇಲ್ಲೇ ಇದ್ದೀರಿ.

ಹಾಗಾಗಿ ತಮ್ಮ ಸಂಶಯ ಪೂರ್ತಿ ಆಧಾರವಿಲ್ಲದ್ದು ಎಂದು ನಾನು ಹೇಳಲಾರೆ. 2023ರಲ್ಲಿ ಬೆಲ್ಜಿಯಂನ ಕೋರ್ಟು ಒಬ್ಬ ಫಿಕ್ಸರ್‌ಗೆ ಐದು ವರ್ಷ ಜೈಲು ವಿಧಿಸಿತು. ಅವನ ಬಲೆಯಲ್ಲಿ ಮೂವತ್ತಕ್ಕೂ ಹೆಚ್ಚು ದೇಶಗಳ 180ಕ್ಕೂ ಹೆಚ್ಚು ಆಟಗಾರರು ಇದ್ದರು. ಪೂರಾ ಪಂದ್ಯ ಸೋಲಬೇಕಾಗಿಲ್ಲ, ಒಂದು ಸೆಟ್, ಕೆಲವೊಮ್ಮೆ ಒಂದು ಸರ್ವೀಸ್ ಗೇಮ್ ಬಿಟ್ಟರೂ ಸಾಕು. ಮೊದಲ ಸುತ್ತಿನ ಬಹುಮಾನ 156 ಡಾಲರ್ ಎಂದು ನಿಗದಿ ಮಾಡಿದವರೇ ಫಿಕ್ಸರ್‌ಗಳ ಕೆಲಸ ಅರ್ಧ ಮುಗಿಸಿಕೊಟ್ಟಿದ್ದಾರೆ. ಸಿಕ್ಕಿಬಿದ್ದವನಿಗೆ ಆಜೀವ ನಿಷೇಧ ಆಗಬಹುದು. ಆಮಿಷ ಬಂದದ್ದನ್ನು ಬಾಯಿ ಬಿಡದೆ ಇದ್ದರೂ ಅಪರಾಧವೇ.

ಬಾಯಿ ಬಿಟ್ಟರೆ? ಅರ್ಜೆಂಟೀನಾದ ಮಾರ್ಕೊ ಟ್ರುಂಜೆಲಿಟಿ ಬಿಟ್ಟ. ಫಿಕ್ಸರ್‌ಗಳು ತನ್ನನ್ನು ಹುಡುಕಿ ಬಂದದ್ದನ್ನು ಅಧಿಕಾರಿಗಳಿಗೆ ಹೇಳಿ ಸಾಕ್ಷ್ಯ ಕೊಟ್ಟ. ಲಾಕರ್ ರೂಮಿನಲ್ಲಿ ಅವನಿಗೆ ಚಾಡಿಕೋರ ಎಂಬ ಬಿರುದು ಸಿಕ್ಕಿತು. ಅದೇ ಮನುಷ್ಯ 2018ರಲ್ಲಿ ಫ್ರೆಂಚ್ ಓಪನ್ ಕ್ವಾಲಿಫೈಯಿಂಗ್‌ನಲ್ಲಿ ಸೋತು ಬಾರ್ಸಿಲೋನಾದ ಮನೆಗೆ ಮರಳಿದ್ದ. ಯಾರೋ ಹಿಂದೆ ಸರಿದರು, ಜಾಗ ಖಾಲಿಯಾಗಬಹುದು ಎಂದು ಸುದ್ದಿ ಬಂತು. ಬಾಡಿಗೆ ಕಾರಿನಲ್ಲಿ ಅಜ್ಜಿ, ಅಮ್ಮ, ಸಹೋದರನನ್ನು ಕೂರಿಸಿಕೊಂಡು ಹತ್ತು ಗಂಟೆ ಓಡಿಸಿ ನಡುರಾತ್ರಿ ಪ್ಯಾರಿಸ್ ತಲುಪಿದ. ಬೆಳಿಗ್ಗೆ ಆಡಿ ಬರ್ನಾರ್ಡ್ ಟೋಮಿಕ್‌ನನ್ನು ಸೋಲಿಸಿದ. ಒಂದು ಗೆಲುವಿಗೆ 79 ಸಾವಿರ ಯೂರೋ! ಅವತ್ತು ಎಲ್ಲ ಪತ್ರಿಕೆಗಳೂ ಬರೆದದ್ದು ಅಜ್ಜಿಯ ಬಗ್ಗೆ. ಬರೆಯಲಿ, ಅಜ್ಜಿ ಒಳ್ಳೆಯವರು. ಆದರೆ ವಿಮಾನಕ್ಕೂ ರೈಲಿಗೂ ಕಾಯದೆ ಕಾರು ಹತ್ತಿದ 190ನೇ ರ‍್ಯಾಂಕಿನವನ ಆತುರ ಅರ್ಥವಾಗಲು ನಮ್ಮ 156 ಡಾಲರ್ ನೋಡಿರಬೇಕು.

ನಮ್ಮವರೇ ಆದ ಸುಮಿತ್ ನಾಗಲ್ ಕಥೆ ತಮಗೆ ಗೊತ್ತಿರಬಹುದು, ತಾವು ಅವರ ಮೇಲೂ ಕಟ್ಟಿರುತ್ತೀರಿ. 2017ರಲ್ಲಿ ನಮ್ಮ ಕಬ್ಬನ್ ಪಾರ್ಕಿನ ಕೋರ್ಟಿನಲ್ಲಿ ಬೆಂಗಳೂರು ಚಾಲೆಂಜರ್ ಗೆದ್ದವರು, 2019ರಲ್ಲಿ ಅಮೆರಿಕನ್ ಓಪನ್‌ನಲ್ಲಿ ಫೆಡರರ್‌ನಿಂದ ಮೊದಲ ಸೆಟ್ ಕಸಿದವರು, 2023ರ ಸೆಪ್ಟೆಂಬರಿನಲ್ಲಿ ದೇಶದ ನಂಬರ್ ಒನ್ ಆಗಿದ್ದುಕೊಂಡೇ ತಮ್ಮ ಬ್ಯಾಂಕ್ ಖಾತೆಯಲ್ಲಿ 900 ಯೂರೋ ಇದೆ ಎಂದು ಹೇಳಿದರು. ನಾಲ್ಕು ತಿಂಗಳ ಮೇಲೆ ಆಸ್ಟ್ರೇಲಿಯನ್ ಓಪನ್‌ನಲ್ಲಿ ಬುಬ್ಲಿಕ್ ಎಂಬ ಆಟಗಾರನನ್ನು ಸೋಲಿಸಿದರು. ಆಗ ದೇಶಕ್ಕೆ ದೇಶವೇ ಅವರನ್ನು ಮೊದಲಿಂದ ನಂಬಿತ್ತು.

ನಮ್ಮನೆಯಲ್ಲಿ ಮಾತ್ರ ನನ್ನನ್ನು ಹಾಳು ಮಾಡಿದವರು ರೋಹನ್ ಬೋಪಣ್ಣ. ಕೊಡಗಿನ ಆ ಪುಣ್ಯಾತ್ಮರು 2024ರಲ್ಲಿ ನಲವತ್ಮೂರನೇ ವಯಸ್ಸಿನಲ್ಲಿ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದು, ವಿಶ್ವದ ನಂಬರ್ ಒನ್ ಕೂಡ ಆದರು. ಅವತ್ತು ಅಪ್ಪ ಕ್ಯಾಲೆಂಡರ್ ಮುಂದೆ ನಿಂತು, ನನ್ನ ವಯಸ್ಸನ್ನು ನಲವತ್ಮೂರರಿಂದ ಕಳೆದು, ಬಂದ ಉತ್ತರವನ್ನು ವರ್ಷದ ಖರ್ಚಿನಿಂದ ಗುಣಿಸಿ, ಮೌನವಾಗಿ ತೋಟದ ಕಡೆ ಹೋದರು. ಅಮ್ಮ ಮಾತ್ರ ‘ಇನ್ನೂ ಟೈಮಿದೆ ಮಗಾ’ ಎಂದಳು. ತಾವು ಬೈದದ್ದು ಈ ಅಮ್ಮನನ್ನೇ.

ಈಗ ವ್ಯವಹಾರದ ಮಾತು. ಕಂಪನಿ, ಬುಕ್ಕಿ, ಆ್ಯಪ್ ಎಂದು ನಡುವೆ ಇಷ್ಟು ಜನ ಯಾಕೆ ಬೇಕು? ಮುಂದಿನ ಸಲ ಇಪ್ಪತ್ತು ಸಾವಿರವನ್ನು ನೇರವಾಗಿ ನನಗೇ ಕಳಿಸಿ. ಸೋತರೆ ದುಡ್ಡು ಹೇಗೂ ಹೋಗುತ್ತದೆ, ಆ ವಿಷಯದಲ್ಲಿ ತಮಗೆ ಯಾವ ವ್ಯತ್ಯಾಸವೂ ಆಗದು. ಬದಲಿಗೆ ತಮ್ಮ ಹೆಸರನ್ನು ಅಂಗಿಯ ತೋಳಿನ ಮೇಲೆ ಹೊಲಿಸಿಕೊಳ್ಳುತ್ತೇನೆ. ಬೈಯುವ ಹಕ್ಕು ಯಥಾಪ್ರಕಾರ ತಮ್ಮದೇ.

ಮುಂದಿನ ವಾರವೂ ಇಲ್ಲೇ ಆಡುತ್ತೇನೆ. ಭುಜ ಹೇಗಿದೆ, ಮೊಣಕಾಲು ಹೇಗಿದೆ ಎಂದು ತಾವು ಕೇಳಬಾರದು, ನಾನು ಹೇಳಲೂಬಾರದು. ಒಳಗಿನ ಸುದ್ದಿಯನ್ನು ಬಾಜಿದಾರರಿಗೆ ಕೊಡುವುದು ಟೆನಿಸ್‌ನ ಭ್ರಷ್ಟಾಚಾರ ತಡೆ ನಿಯಮದ ಪ್ರಕಾರ ದೊಡ್ಡ ಅಪರಾಧ. ನನ್ನ ಸ್ಕೋರು ಮಾರುವ ಅಧಿಕಾರ ನನ್ನೊಬ್ಬನಿಗೆ ಮಾತ್ರ ಇಲ್ಲ.

ಇಂತಿ ತಮ್ಮ ವಿಧೇಯ,
ಮೊದಲ ಸುತ್ತಿನ ಆಟಗಾರ

ವಿ.ಸೂ.: ಡಬಲ್ಸ್‌ನಲ್ಲೂ ಹೆಸರು ಕೊಟ್ಟಿದ್ದೇನೆ. ಅದರ ಮೇಲೆ ಯಾರೂ ಅಷ್ಟಾಗಿ ಕಟ್ಟುವುದಿಲ್ಲ, ಸೋತರೆ ಬೈಯುವವರೂ ಇರುವುದಿಲ್ಲ. ಬಿಡುವಾದರೆ ನೋಡಿ.