ಈರುಳ್ಳಿಗೆ 61 ರಾಕ್‌ವೆಲ್

ಸಕಲೇಶಪುರದ ಆಚೆ ಒಂದು ಕಾಫಿ ತೋಟದಲ್ಲಿ ಎರಡು ರಾತ್ರಿ ಟೆಂಟಿನಲ್ಲಿದ್ದು, ನಾವೇ ಬೇಯಿಸಿಕೊಂಡು ತಿನ್ನುವುದೆಂದು ಆಫೀಸಿನ ಆರು ಜನ ತೀರ್ಮಾನಿಸಿದೆವು. ಅಕ್ಕಿ, ಬೇಳೆ, ಮೊಟ್ಟೆ ಯಾರು ತರಬೇಕೆಂಬುದು ಎರಡು ನಿಮಿಷದಲ್ಲಿ ಮುಗಿಯಿತು. ಚಾಕುವಿಗೆ ಮೂರು ವಾರ ಹಿಡಿಯಿತು. ಆ ಖಾತೆ ನನ್ನ ಪಾಲಿಗೆ ಬಂದದ್ದಕ್ಕೆ ಕಾರಣ ಇಷ್ಟೇ: ಊಟದ ಬಿಡುವಿನಲ್ಲಿ ಒಮ್ಮೆ ನಾನು ‘ಹೈ ಕಾರ್ಬನ್’ ಅಂದಿದ್ದೆ.

ಮನೆಯಲ್ಲಿ ಚಾಕು ಇರಲಿಲ್ಲವೇ ಅಂತ ಕೇಳಬೇಡಿ. ಇತ್ತು. ಹಸಿರು ಪ್ಲಾಸ್ಟಿಕ್ ಹಿಡಿಯದು. ಕುಕ್ಕರಿನ ಗ್ಯಾಸ್ಕೆಟ್ ತರಲು ಹೋದಾಗ ಚಿಲ್ಲರೆ ಇಲ್ಲವೆಂದು ಪಾತ್ರೆ ಅಂಗಡಿಯವನು ಕೈಗಿಟ್ಟದ್ದು. ಅದರ ಉಕ್ಕು ಯಾವುದು, ಗಡಸು ಎಷ್ಟು ಅಂತ ಹೆಂಡತಿಯನ್ನು ಕೇಳಿದೆ. “ಬೀನ್ಸ್ ಹೆಚ್ಚುತ್ತೆ ಕಣ್ರೀ” ಅಂದಳು. ಗೋತ್ರ ಸೂತ್ರ ಇಲ್ಲದ್ದನ್ನು ನಂಬಿ ಘಟ್ಟ ಹತ್ತುವುದು ಹೇಗೆ?

ಅಧ್ಯಯನ ಶುರುವಾಯಿತು. ಉಕ್ಕಿಗೆ ಶೇಕಡ 10.5ಕ್ಕಿಂತ ಹೆಚ್ಚು ಕ್ರೋಮಿಯಂ ಬೆರೆತರೆ ಅದು ಸ್ಟೇನ್‌ಲೆಸ್, ಸುಲಭಕ್ಕೆ ತುಕ್ಕು ಹಿಡಿಯುವುದಿಲ್ಲ. ಬೆರೆಯದ ಕಾರ್ಬನ್ ಉಕ್ಕು ಚೆನ್ನಾಗಿ ಸಾಣೆಗೆ ಬರುತ್ತದೆ, ಆದರೆ ನಿಂಬೆಹಣ್ಣು ಕೊಯ್ದು ಒರೆಸದೆ ಇಟ್ಟರೆ ಕಾಫಿ ಕುಡಿದು ಬರುವಷ್ಟರಲ್ಲಿ ಕಪ್ಪಿಟ್ಟಿರುತ್ತದೆ. ಗಡಸನ್ನು ಅಳೆಯುವುದು ರಾಕ್‌ವೆಲ್ ಲೆಕ್ಕದಲ್ಲಿ: ವಜ್ರದ ಮೊನೆಯನ್ನು ಉಕ್ಕಿಗೆ ಒತ್ತಿ, ಎಷ್ಟು ಆಳ ಇಳಿಯಿತೆಂದು ನೋಡುತ್ತಾರೆ. ಸ್ವಿಟ್ಜರ್ಲೆಂಡಿನ ಅಡುಗೆ ಚಾಕುಗಳು ಸುಮಾರು 56ರ ಹತ್ತಿರ ನಿಲ್ಲುತ್ತವೆ. ಜಪಾನಿನವು 60 ದಾಟುತ್ತವೆ. ಗಡಸು ಏರಿದಷ್ಟೂ ಹರಿತ ಹೆಚ್ಚು ದಿನ ಬಾಳುತ್ತದೆ, ಜೊತೆಗೆ ಸಿಟ್ಟೂ ಏರುತ್ತದೆ; ಎಲುಬು ತಾಗಿದರೆ ಬಾಗುವ ಮಾತಿಲ್ಲ, ಚಕ್ಕೆ ಏಳುತ್ತದೆ. 56ರದ್ದು ಸಂಸಾರಸ್ಥ. ಬೇಗ ಮೊಂಡಾಗುತ್ತದೆ, ಪಿಂಗಾಣಿ ಕಪ್ಪನ್ನು ಬೋರಲು ಹಾಕಿ ತಳದ ಒರಟು ಅಂಚಿಗೆ ನಾಲ್ಕು ಸಲ ಉಜ್ಜಿದರೆ ಮತ್ತೆ ಕೆಲಸಕ್ಕೆ ಹೊರಡುತ್ತದೆ.

ಇಷ್ಟು ತಿಳಿದವನು 56ರದ್ದನ್ನು ಕೊಳ್ಳುತ್ತಾನೆ. ನಾನು 61ರದ್ದನ್ನು ಕೊಂಡೆ. ನೆರೆಮನೆ ಹುಡುಗ 98 ತೆಗೆದ ಮೇಲೆ ನಮ್ಮವನ 91ಕ್ಕೆ ಏನು ಬೆಲೆ ಎಂದು ವರ್ಷವಿಡೀ ಕೇಳಿಸಿಕೊಂಡ ಮನೆ ನಮ್ಮದು.

ಮಡಚುವುದೋ, ಮಡಚದ್ದೋ ಎಂಬ ಜಿಜ್ಞಾಸೆ ಇನ್ನೊಂದು ವಾರ ತಿಂದಿತು. ಫ್ರಾನ್ಸಿನ ಸವೊಯ್ ಬೆಟ್ಟಗಳ ಕಡೆ ಜೋಸೆಫ್ ಒಪಿನೆಲ್ ಎಂಬಾತ 1890ರಲ್ಲಿ ಮರದ ಹಿಡಿಯ ಒಂದು ಮಡಚುವ ಚಾಕು ಮಾಡಿದ. 1897ರಲ್ಲಿ ಅದಕ್ಕೆ 1ರಿಂದ 12ರವರೆಗೆ ನಂಬರ್ ಕೊಟ್ಟ. ಅಲಗು ತಾನಾಗಿ ಮಡಚಿ ಬೆರಳು ಕತ್ತರಿಸದಂತೆ ಬೀಗದ ಉಂಗುರ ಬಂದದ್ದು 1955ರಲ್ಲಿ. 8ನೇ ನಂಬರಿನ ಅಲಗು ಎಂಟೂವರೆ ಸೆಂಟಿಮೀಟರ್; ಬ್ರೆಡ್ಡು, ಚೀಸು, ಟೊಮ್ಯಾಟೊ ಎಲ್ಲಕ್ಕೂ ಸಾಕು. ಅಲ್ಲಿನ ರೈತ ಅದನ್ನು ಜೇಬಿಗೆ ಹಾಕಿಕೊಂಡದ್ದು ಹೊಲದಲ್ಲಿ ಹಸಿವಾಗುತ್ತಿದ್ದುದಕ್ಕೆ. ನಮ್ಮ ಟೀಮಿನವರಿಗೆ ಅದು ಬೇಕಾಗಿದ್ದು ಆ ರೈತನ ಜೇಬಿನಲ್ಲಿ ಇತ್ತು ಅನ್ನುವುದಕ್ಕೆ. ಆದರೆ ಮಲೆನಾಡಿನ ಮಳೆಯಲ್ಲಿ ಮರದ ಹಿಡಿ ನೆನೆದು ಉಬ್ಬಿದರೆ ಅಲಗು ಒಳಗೇ ಧ್ಯಾನಕ್ಕೆ ಕೂರುತ್ತದೆ. ರಾತ್ರಿ ಕೋಳಿ ತುಂಡರಿಸಿದರೆ ಕೊಬ್ಬು ಹಿಡಿಯ ಸಂದಿಗೆ ಇಳಿದು ಬೆಳಗಿನ ಬಾಳೆಹಣ್ಣಿಗೆ ಕಾದಿರುತ್ತದೆ. ಹಾಗಾಗಿ ಮಡಚದ, ಒರೆ ಇರುವ, ಒಂಬತ್ತು ಸೆಂಟಿಮೀಟರಿನ ಒಂದನ್ನು ಆರಿಸಿದೆ. ಯಾವ ಕಂಪನಿಯದೆಂದು ಹೇಳುವುದಿಲ್ಲ. ನನ್ನ ಕೈಗೆ ಸಿಕ್ಕಿತೆಂದು ಗೊತ್ತಾದರೆ ಅವರಿಗೆ ಅವಮಾನ.

ಟೆಸ್ಟಿಂಗ್ ವಿಭಾಗದ ಗೆಳೆಯನದು ಬೇರೆಯೇ ದಾರಿ. 1982ರಲ್ಲಿ ಸ್ಟಲೋನ್ ‘ಫಸ್ಟ್ ಬ್ಲಡ್’ನಲ್ಲಿ ಹಿಡಿದಿದ್ದನಲ್ಲ, ಆ ಜಾತಿಯದು ತಂದ. ಬೆನ್ನಿಗೆ ಗರಗಸ, ಹಿಡಿಯ ಬುಡದಲ್ಲಿ ದಿಕ್ಸೂಚಿ, ಪೊಳ್ಳು ಹಿಡಿಯೊಳಗೆ ಬೆಂಕಿಕಡ್ಡಿ, ಗಾಳದ ದಾರ. ಹಿಡಿ ಪೊಳ್ಳಾದರೆ ಅಲಗಿನ ಉಕ್ಕು ಹಿಡಿಯ ಕೊನೆತನಕ ಓಡುವುದಿಲ್ಲ, ಒತ್ತಡ ಬಿದ್ದರೆ ಕುತ್ತಿಗೆಯಲ್ಲೇ ಮುರಿದೀತು ಎಂದೆ. “ಗುರು, ಎಮರ್ಜೆನ್ಸಿಗೆ ಕಣೋ” ಅಂದ. ನಮ್ಮ ಟೆಂಟಿನಿಂದ ಮೂವತ್ತು ಹೆಜ್ಜೆಗೆ ವೆಸ್ಟರ್ನ್ ಕಮೋಡ್ ಇತ್ತು, ವೈಫೈ ಇತ್ತು. ದಿಕ್ಸೂಚಿ ಬೇಕಾಗಿದ್ದು ಯಾವುದಕ್ಕೋ. ಅಲಗು ಒಂಬತ್ತು ಇಂಚಿಗಿಂತ ಉದ್ದವಿದ್ದರೆ ಅಥವಾ ಎರಡು ಇಂಚಿಗಿಂತ ಅಗಲವಿದ್ದರೆ ಆಯುಧ ನಿಯಮಗಳ ಪಟ್ಟಿಗೆ ಸೇರುತ್ತದೆ, ಅಡುಗೆ, ಬೇಸಾಯದಂಥ ಕೆಲಸಕ್ಕೆ ಎಂದು ಮಾಡಿದ್ದಕ್ಕೆ ಮಾತ್ರ ವಿನಾಯಿತಿ ಎಂದು ನಾನು ಹೆದರಿಸಿದೆ. ಹಾಸನ ದಾಟುವವರೆಗೂ ಅವನು ಅದನ್ನು ಚಪಾತಿ ಹಿಟ್ಟಿನ ಚೀಲದಲ್ಲಿ ಹುದುಗಿಸಿ, ಪೊಲೀಸ್ ಜೀಪು ಕಂಡಾಗಲೆಲ್ಲ ಆ ಚೀಲವನ್ನು ಅಪ್ಪಿಕೊಂಡು ಕೂತಿದ್ದ.

ತೋಟ ತಲುಪಿ, ನಾನು ಒರೆಯಿಂದ ಚಾಕು ಹಿರಿದಾಗ ಉಳಿದ ಐದೂ ಜನ ಫೋಟೊ ತೆಗೆದರು. ಅಲಗಿನಲ್ಲಿ ಒಬ್ಬ ಮುಖ ನೋಡಿಕೊಂಡ. ಇನ್ನೊಬ್ಬ ಮೊಣಕೈ ಮೇಲಿನ ಕೂದಲು ಬೋಳಿಸಿ ತೋರಿಸಿದ. ಅಷ್ಟರಲ್ಲಿ ತೋಟದ ಮನೆಯ ಅಡುಗೆಯ ಅಕ್ಕ ಸೆರಗಿಗೆ ಕೈ ಒರೆಸುತ್ತ ಬಂದು, “ಸಾರ್, ಅಕ್ಕಿರೊಟ್ಟಿ, ಕೋಳಿಸಾರು ಆಗಿದೆ. ಬಿಸಿ ಇರುವಾಗಲೇ ಬನ್ನಿ” ಅಂದರು. ನಾವು ಕಟ್ಟಿದ ದುಡ್ಡಿನಲ್ಲಿ ಮೂರು ಹೊತ್ತಿನ ಊಟವೂ ಸೇರಿತ್ತು. ಮೂರು ವಾರದ ಅಧ್ಯಯನದಲ್ಲಿ ಬುಕಿಂಗ್ ಚೀಟಿಯನ್ನು ಯಾರೂ ಓದಿರಲಿಲ್ಲ.

ಆದರೂ ಮಾನ ಉಳಿಸಿಕೊಳ್ಳಬೇಕಲ್ಲ. ಮರುದಿನ ಬೆಳಿಗ್ಗೆ ಎಗ್ ಬುರ್ಜಿ ನಾವೇ ಮಾಡುತ್ತೇವೆಂದು ಅಕ್ಕನ ಹತ್ತಿರ ಮೂರು ಈರುಳ್ಳಿ ಕೇಳಿ ಪಡೆದೆವು. ಆಗ ಗೊತ್ತಾಯಿತು, ಹೆಚ್ಚುವ ಮಣೆ ತಂದಿಲ್ಲ. ಚಾಕುವಿಗೆ ಮೂರು ಸಾವಿರದ ಚಿಲ್ಲರೆ, ಅದರ ಕೆಳಗೆ ಇಡುವ ಹಲಗೆಗೆ ಸೊನ್ನೆ. ಸ್ಟೀಲ್ ತಟ್ಟೆ ಬೋರಲು ಹಾಕಿದೆ. ಮೊದಲ ಈರುಳ್ಳಿ ಬೆಣ್ಣೆಯಂತೆ ಸೀಳಿತು. ಎರಡನೆಯದಕ್ಕೆ ‘ಟಣ್’ ಎಂದಿತು. ಮೂರನೆಯದನ್ನು ಕೈಯಲ್ಲಿ ಗುದ್ದಿ ಹಾಕಿದೆವು. ಬೆಳಕಿಗೆ ಹಿಡಿದು ನೋಡಿದರೆ ಅಲಗಿನ ಅಂಚಿನಲ್ಲಿ ಎಳ್ಳುಕಾಳಿನಷ್ಟು ಚಕ್ಕೆ ಹಾರಿತ್ತು. ರಾಕ್‌ವೆಲ್ ಸುಳ್ಳು ಹೇಳಿರಲಿಲ್ಲ.

ಊರಿಗೆ ಬಂದ ಮೇಲೆ ಅದನ್ನು ಎಣ್ಣೆ ಸವರಿ, ಬಟ್ಟೆ ಸುತ್ತಿ ಬೀರುವಿನಲ್ಲಿಟ್ಟೆ, ಕೈಗಡಿಯಾರದ ಪಕ್ಕ. ಆಯುಧ ಪೂಜೆಯ ದಿನ ಹೆಂಡತಿಯೇ ನೆನಪು ಮಾಡಿದಳು: “ರೀ, ನಿಮ್ಮ ಆ ದೊಡ್ಡ ಮನುಷ್ಯನನ್ನೂ ಇಡಿ.” ಸ್ಕೂಟರಿನ ಕೀಲಿ, ಲ್ಯಾಪ್‌ಟಾಪು, ಸ್ಕ್ರೂಡ್ರೈವರಿನ ಸಾಲಿನಲ್ಲಿ ಅದೂ ಅರಿಶಿನ ಕುಂಕುಮ ಹಚ್ಚಿಸಿಕೊಂಡು, ಸೇವಂತಿಗೆ ಮುಡಿದು ಕೂತಿತು. ಒದ್ದೆ ಕುಂಕುಮದಡಿಯಲ್ಲಿ ಕಾರ್ಬನ್ ಉಕ್ಕು ಸಂಜೆಯೊಳಗೆ ಏನಾಗುತ್ತದೆಂದು ನನಗೆ ಚೆನ್ನಾಗಿ ಗೊತ್ತಿತ್ತು. ದೇವರ ಮುಂದೆ ಬಾಯಿ ಬಿಡಲಿಲ್ಲ.

ಹಸಿರು ಹಿಡಿಯದನ್ನು ಪೂಜೆಗೆ ಇಡಲಾಗಲಿಲ್ಲ. ಅದು ಒಳಗೆ ಕೋಸಂಬರಿಗೆ ಸೌತೆಕಾಯಿ ಹೆಚ್ಚುತ್ತಿತ್ತು.